ಈ ಕಲ್ಲಿನ ಮನೆಗೆ ಯಾರು ಯಾರು ಬಂದರು

ವಿನ್ನಿಪೆಗ್ ನಗರದ ಬ್ರಾಡ್‌ವೇ ರಸ್ತೆಗೆ ಬಂದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ನೆಲದಿಂದ 77 ಮೀಟರ್ ಎತ್ತರದಲ್ಲಿ, ಗುಮ್ಮಟದ ತುತ್ತತುದಿಯಲ್ಲಿ, ಎಡಗೈಯಲ್ಲಿ ಗೋಧಿಯ ಸಿವುಡು, ಬಲಗೈಯಲ್ಲಿ ಪಂಜು ಹಿಡಿದ ಚಿನ್ನದ ಹುಡುಗನೊಬ್ಬ ಉತ್ತರಕ್ಕೆ ಮುಖ ಮಾಡಿ ಓಡುವ ಭಂಗಿಯಲ್ಲಿ ನಿಂತಿದ್ದಾನೆ. ಬಿಸಿಲು ಬಿದ್ದ ದಿನ ಅವನನ್ನು ಬಿಟ್ಟು ಬೇರೆ ಕಡೆ ನೋಡುವುದೇ ಕಷ್ಟ. ಆದರೂ ಕೆನಡಾದ ಮ್ಯಾನಿಟೋಬಾ ಪ್ರಾಂತದ ಈ ಶಾಸನಸಭಾ ಭವನವನ್ನು ತಿಳಿಯಬೇಕೆಂದರೆ ಅವನನ್ನು ಆಮೇಲಕ್ಕಿಟ್ಟುಕೊಂಡು, ಗೋಡೆಯ ಹತ್ತಿರ ಹೋಗಿ ಅಂಗೈ ಇಡುವುದು ಒಳ್ಳೆಯದು.

ಗೋಡೆಯ ಕಲ್ಲು ಕೆನೆಬಣ್ಣದ್ದು. ಮೈತುಂಬ ಕಂದು ಬಣ್ಣದ, ಕವಲು ಕವಲಾದ ಮಚ್ಚೆಗಳು. ಟಿಂಡಾಲ್ ಕಲ್ಲು ಎಂದು ಕರೆಯುವ ಈ ಸುಣ್ಣಕಲ್ಲು ವಿನ್ನಿಪೆಗ್‌ನ ಈಶಾನ್ಯಕ್ಕಿರುವ ಗಾರ್ಸನ್ ಎಂಬ ಊರಿನ ಕ್ವಾರಿಯಲ್ಲಿ ಸಿಗುತ್ತದೆ. ಸುಮಾರು 45 ಕೋಟಿ ವರ್ಷಗಳ ಹಿಂದೆ ಈ ನೆಲವೆಲ್ಲ ಭೂಮಧ್ಯರೇಖೆಯ ಹತ್ತಿರವಿದ್ದ, ಬೆಚ್ಚಗಿನ, ಆಳವಿಲ್ಲದ ಕಡಲಿನ ತಳ. ಕಡಲ ಕೆಸರಿನಲ್ಲಿ ಜೀವಿಗಳು ಕೊರೆದುಕೊಂಡ ಬಿಲಗಳೇ ಇವತ್ತು ಕಾಣುವ ಕಂದು ಮಚ್ಚೆಗಳು. ಸ್ವಲ್ಪ ಹೊತ್ತು ನಿಂತು ನೋಡಿದರೆ ಇನ್ನೂ ಏನೇನೋ ಕಣ್ಣಿಗೆ ಬೀಳುತ್ತದೆ: ಹವಳದ ಗುಂಪು, ಬಸವನಹುಳುವಿನ ಸುರುಳಿ, ಉದ್ದನೆಯ ಕೊಳವೆಯಂಥ ಚಿಪ್ಪಿನೊಳಗೆ ಬದುಕಿದ್ದ, ಇಂದಿನ ಅಷ್ಟಪದಿಯ ದೂರದ ನೆಂಟನಾದ ಪ್ರಾಣಿಯ ಗುರುತು. ಒಳಗಿನ ಗೋಡೆಗಳಿಗೂ ಇದೇ ಕಲ್ಲು. ಕಾನೂನು ಮಾಡುವವರು ದಿನವೂ ಈ ಸತ್ತ ಕಡಲನ್ನು ಹಾದೇ ಒಳಗೆ ಹೋಗುತ್ತಾರೆ.

ಆ ಕಡಲು ಬತ್ತಿ, ಹಿಮಯುಗ ಬಂದು ಹೋಗಿ, ಹುಲ್ಲುಗಾವಲು ಹರಡಿ, ಕಾಡೆಮ್ಮೆಗಳ ಹಿಂಡು ಮೇಯ್ದು, ಅವುಗಳ ಬೆನ್ನ ಹಿಂದೆ ಮನುಷ್ಯರು ಬಂದರು. ಕ್ರೀ, ಅನಿಶಿನಾಬೆ, ಡಕೋಟ ಜನ. ಆಮೇಲೆ ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು, ಸ್ಕಾಟರು. ಈ ಎರಡೂ ಕಡೆಯವರ ಮಕ್ಕಳಾಗಿ ಹುಟ್ಟಿ ತಮ್ಮದೇ ಭಾಷೆ, ತಮ್ಮದೇ ಬದುಕು ಕಟ್ಟಿಕೊಂಡ ಮೆಟಿ ಜನ. ರೆಡ್ ಮತ್ತು ಅಸಿನಿಬೊಯಿನ್ ನದಿಗಳು ಕೂಡುವ ಜಾಗ ಇವರೆಲ್ಲರ ಸಂತೆ, ತಂಗುದಾಣ. ಅಲ್ಲಿಂದ ಅಸಿನಿಬೊಯಿನ್ ದಂಡೆ ಹಿಡಿದು ಪಶ್ಚಿಮಕ್ಕೆ ನಡೆದರೆ ಸ್ವಲ್ಪ ಹೊತ್ತಿನಲ್ಲೇ ಈ ಭವನದ ಹಿಂಬದಿಯ ತೋಟ ಸಿಗುತ್ತದೆ.

1869ರಲ್ಲಿ ಹಡ್ಸನ್ಸ್ ಬೇ ಕಂಪನಿ ಈ ವಿಶಾಲ ಸೀಮೆಯನ್ನು ಕೆನಡಾಕ್ಕೆ ಹಸ್ತಾಂತರಿಸಲು ಒಪ್ಪಿತು. ಅಲ್ಲಿ ಬದುಕುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಭೂಮಿ ಅಳೆಯುವವರು ಸರಪಳಿ ಹಿಡಿದು ಬಂದಾಗ ಎದುರು ನಿಂತವನು ಇಪ್ಪತ್ತನಾಲ್ಕರ ಹರೆಯದ ಲೂಯಿ ರಿಯೆಲ್. ಮೆಟಿ ಜನರನ್ನು ಒಗ್ಗೂಡಿಸಿ, ತಾತ್ಕಾಲಿಕ ಸರ್ಕಾರ ರಚಿಸಿ, ಹಕ್ಕುಗಳ ಪಟ್ಟಿ ಬರೆಸಿ ಕೆನಡಾದ ರಾಜಧಾನಿ ಆಟವಾಕ್ಕೆ ಕಳುಹಿಸಿದ. ಆ ಮಾತುಕತೆಯ ಫಲವಾಗಿ 1870ರ ಜುಲೈ 15ರಂದು ಮ್ಯಾನಿಟೋಬಾ ಕೆನಡಾದ ಐದನೆಯ ಪ್ರಾಂತವಾಯಿತು. ನಕಾಶೆಯ ಮೇಲೆ ಎಷ್ಟು ಪುಟ್ಟದಾಗಿತ್ತೆಂದರೆ ಜನ ಅದನ್ನು ಅಂಚೆಚೀಟಿ ಪ್ರಾಂತ ಎಂದರು. ಪ್ರಾಂತ ಹುಟ್ಟಿಸಿದವನು ಮಾತ್ರ ಸೈನ್ಯ ಬರುತ್ತಿದ್ದಂತೆ ಊರು ಬಿಟ್ಟು ಓಡಬೇಕಾಯಿತು. ಅವನ ಸರ್ಕಾರ ಥಾಮಸ್ ಸ್ಕಾಟ್ ಎಂಬ ವಿರೋಧಿಗೆ ಮರಣದಂಡನೆ ಕೊಟ್ಟಿದ್ದನ್ನು ಒಂಟಾರಿಯೊ ಪ್ರಾಂತದ ಜನ ಕ್ಷಮಿಸಲಿಲ್ಲ. ಮುಂದೆ 1885ರ ದಂಗೆಯ ನಂತರ ರೆಜೈನಾದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಹೊಸ ಪ್ರಾಂತಕ್ಕೆ ಶಾಸನಸಭೆಯೇನೋ ಬಂತು, ಕಟ್ಟಡವಿರಲಿಲ್ಲ. 1871ರಲ್ಲಿ ಮೊದಲ ಅಧಿವೇಶನ ಸೇರಿದ್ದು ಬ್ಯಾನಟೈನ್ ಎಂಬ ವರ್ತಕನ ಮನೆಯಲ್ಲಿ. ಎರಡು ವರ್ಷ ಕಳೆದ ಮೇಲೆ ಆ ಮನೆ ಬೆಂಕಿಗೆ ಆಹುತಿಯಾಯಿತು. 1880ರ ದಶಕದಲ್ಲಿ ಕೆನಡಿ ಬೀದಿಯಲ್ಲಿ ಒಂದು ಇಟ್ಟಿಗೆಯ ಭವನ ಎದ್ದಿತು. ಆಗ ಪ್ರೀಮಿಯರ್, ಅಂದರೆ ಪ್ರಾಂತದ ಮುಖ್ಯಮಂತ್ರಿ, ಮೆಟಿ ಮೂಲದ ಜಾನ್ ನಾರ್ಕ್ವೇ ಎಂಬುದನ್ನು ನೆನಪಿಡಬೇಕು.

ಅಷ್ಟರಲ್ಲಿ ರೈಲು ಬಂತು, ರೈಲಿನ ಹಿಂದೆ ಗೋಧಿ ಬಂತು. ಉಕ್ರೇನ್, ಐಸ್‌ಲ್ಯಾಂಡ್, ಸ್ಕಾಟ್ಲೆಂಡ್, ಪೋಲೆಂಡ್‌ಗಳಿಂದ ಜನ ಬಂದಿಳಿದರು. ಪಶ್ಚಿಮದ ಕಾಳು ಕಡಿಯೆಲ್ಲ ವಿನ್ನಿಪೆಗ್‌ನ ಧಾನ್ಯ ಮಾರುಕಟ್ಟೆಯಲ್ಲೇ ಬೆಲೆ ಕಟ್ಟಿಸಿಕೊಳ್ಳಬೇಕು ಎನ್ನುವಂಥ ಕಾಲ. 1912ರಲ್ಲಿ ಪ್ರಾಂತದ ಗಡಿ ಉತ್ತರಕ್ಕೆ ಹಡ್ಸನ್ ಕೊಲ್ಲಿಯ ತನಕ ಚಾಚಿತು. ಅಂಚೆಚೀಟಿ ಈಗ ದೊಡ್ಡ ಹಾಳೆಯಾಗಿತ್ತು; ಹಳೆಯ ಭವನ ಚಿಕ್ಕದಾಯಿತು. ಅದೇ ವರ್ಷ ಬ್ರಿಟಿಷ್ ಸಾಮ್ರಾಜ್ಯದ ಎಲ್ಲ ವಾಸ್ತುಶಿಲ್ಪಿಗಳಿಗೆ ಸ್ಪರ್ಧೆ ಕರೆದರು. ಬಂದ 67 ನಕ್ಷೆಗಳಲ್ಲಿ ಗೆದ್ದದ್ದು ಲಿವರ್‌ಪೂಲ್‌ನ ಫ್ರಾಂಕ್ ವರ್ದಿಂಗ್‌ಟನ್ ಸೈಮನ್ ಅವರದು. ಅವರು ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಶಾಲೆಯಲ್ಲಿ ಕಲಿತವರು. ಆ ಶಾಲೆಯ ಪಾಠ ಇಲ್ಲಿ ಕಲ್ಲು ಕಲ್ಲಿನಲ್ಲೂ ಕಾಣುತ್ತದೆ: ಮಧ್ಯಕ್ಕೊಂದು ಗುಮ್ಮಟ, ಅದರ ನೇರಕ್ಕೆ ಒಂದು ಅಕ್ಷ, ಎಡಬಲ ಸಮ, ಗ್ರೀಕ್ ಕಂಬಗಳು, ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದಂಥ ತಳವಿನ್ಯಾಸ. ಮೇಲ್ಛಾವಣಿಯ ಅಂಚಿನಲ್ಲಿ ಈಜಿಪ್ಟಿನ ಸ್ಫಿಂಕ್ಸ್‌ಗಳೂ ಕೂತಿವೆ. ಉತ್ತರದ ಮುಂಬಾಗಿಲ ಮೇಲಿನ ತ್ರಿಕೋನದಲ್ಲಿ ಕೆತ್ತಿರುವುದು ವಲಸೆಯ ಕಥೆ: ನಡುವೆ ಸಿಂಹಾಸನದ ಮೇಲೆ ಮ್ಯಾನಿಟೋಬಾ ದೇವಿ, ಬದಿಯಲ್ಲಿ ಗೂಳಿಯ ಜೊತೆ ಯುರೋಪಾ, ಹೊಸ ನೆಲದಲ್ಲಿ ನೆಲೆ ನಿಲ್ಲುವ ಕುಟುಂಬ. ಬರುವವರನ್ನು ಕೈಬೀಸಿ ಕರೆಯುವ ಬಾಗಿಲು ಅದು. ಆ ನೆಲದಲ್ಲಿ ಮೊದಲೇ ಇದ್ದವರ ಜೊತೆ 1871ರಲ್ಲಿ ಮಾಡಿಕೊಂಡ ಒಂದನೆಯ ಒಪ್ಪಂದದ ಭಾಷೆ ಬೇರೆಯೇ ಆಗಿತ್ತು.

1913ರಲ್ಲಿ ಕೆಲಸ ಶುರುವಾಯಿತು. ಗುತ್ತಿಗೆ ಥಾಮಸ್ ಕೆಲ್ಲಿಯ ಕಂಪನಿಗೆ. ಮೊತ್ತ ಸುಮಾರು 29 ಲಕ್ಷ ಡಾಲರ್. ಮುಂದೆ ನಡೆದದ್ದನ್ನು ತುಸು ವಿವರವಾಗಿಯೇ ಹೇಳಬೇಕು. ಈ ಭವನದ ನಿಜವಾದ ಅಡಿಪಾಯ ಅಲ್ಲಿದೆ.

ವಿನ್ನಿಪೆಗ್‌ನ ನೆಲ ಜಿಗುಟು ಜೇಡಿಮಣ್ಣು. ಭಾರದ ಕಟ್ಟಡ ನಿಲ್ಲಬೇಕಾದರೆ ಮಣ್ಣನ್ನು ಕೊರೆದು ತಳದ ಬಂಡೆಯ ತನಕ ಕಾಂಕ್ರೀಟ್ ಕಂಬಗಳನ್ನು ಇಳಿಸಬೇಕು. ಈ ಅಡಿಪಾಯದ ನೆಪದಲ್ಲಿ ಬಿಲ್ಲುಗಳು ಊದಿಕೊಂಡವು. ಮಣ್ಣಿನಡಿ ಹೂತುಹೋದ ಕಾಂಕ್ರೀಟನ್ನು ಯಾರು ಅಳೆಯುತ್ತಾರೆ? ಹಾಕದ ಮಾಲಿಗೂ ದುಡ್ಡು ಸಂದಾಯವಾಯಿತು; ಆ ದುಡ್ಡಿನಲ್ಲಿ ಒಂದು ಪಾಲು ಆಳುವ ಕನ್ಸರ್ವೇಟಿವ್ ಪಕ್ಷದ ಚುನಾವಣಾ ಬೊಕ್ಕಸ ಸೇರಿತು. 1915ರ ವಸಂತದಲ್ಲಿ ವಿರೋಧ ಪಕ್ಷವಾದ ಲಿಬರಲ್ಲರು ಲೆಕ್ಕಪತ್ರ ಸಮಿತಿಯಲ್ಲಿ ಪ್ರಶ್ನೆ ಎತ್ತಿದರು. ಪ್ರೀಮಿಯರ್ ರಾಡ್ಮಂಡ್ ರಾಬ್ಲಿನ್ ಅವರ ಬಹುಮತ ಆ ಪ್ರಶ್ನೆಗಳನ್ನು ಅಲ್ಲೇ ಅದುಮಿತು. ಲಿಬರಲ್ಲರು ಸುಮ್ಮನಾಗದೆ ರಾಜಪ್ರತಿನಿಧಿಯಾದ ಲೆಫ್ಟಿನೆಂಟ್ ಗವರ್ನರ್ ಡಗ್ಲಸ್ ಕ್ಯಾಮೆರಾನ್ ಅವರ ಬಾಗಿಲು ತಟ್ಟಿದರು. ತನಿಖಾ ಆಯೋಗ ನೇಮಿಸಲೇಬೇಕೆಂದು ಕ್ಯಾಮೆರಾನ್ ಪಟ್ಟು ಹಿಡಿದರು. ಮುಖ್ಯ ನ್ಯಾಯಮೂರ್ತಿ ಮ್ಯಾಥರ್ಸ್ ನೇತೃತ್ವದಲ್ಲಿ ಆಯೋಗ ಕೂತಿತು. ಮೇ ತಿಂಗಳಲ್ಲಿ ರಾಬ್ಲಿನ್ ರಾಜೀನಾಮೆ ಕೊಟ್ಟರು.

ಕೆಲ್ಲಿ ಗಡಿ ದಾಟಿ ಅಮೆರಿಕಕ್ಕೆ ಹೋದ. ಅಲ್ಲಿಂದ ಹಿಡಿದು ತಂದು ವಿಚಾರಣೆ ನಡೆಸಿ ಜೈಲಿಗೆ ಹಾಕಿದರು. ರಾಬ್ಲಿನ್ ಮತ್ತು ಅವರ ಮಂತ್ರಿಗಳ ಮೇಲೂ ಮೊಕದ್ದಮೆ ಹೂಡಿದರು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಆರೋಪ ಕೈಬಿಟ್ಟರು. ಕಟ್ಟಡ ಮುಗಿಯುವ ಹೊತ್ತಿಗೆ ಖರ್ಚು 80 ಲಕ್ಷ ಡಾಲರ್ ದಾಟಿತ್ತು.

ಈ ಹಗರಣದಿಂದ ಯಾರೂ ಎಣಿಸದ ಒಂದು ಒಳ್ಳೆಯದೂ ಆಯಿತು. ಹೆಂಗಸರಿಗೆ ಮತ ಕೊಡುವುದೆಂದರೆ ರಾಬ್ಲಿನ್‌ಗೆ ಆಗುತ್ತಿರಲಿಲ್ಲ. 1914ರ ಜನವರಿಯಲ್ಲಿ ಲೇಖಕಿ ನೆಲ್ಲಿ ಮೆಕ್ಲಂಗ್ ಮತ್ತು ಸಂಗಾತಿಗಳು ಮನವಿ ಹಿಡಿದು ಬಂದಾಗ ಬುದ್ಧಿವಾದ ಹೇಳಿ ಕಳುಹಿಸಿದ್ದರು. ಬೆನ್ನಿಗೇ ವಾಕರ್ ಥಿಯೇಟರಿನಲ್ಲಿ ಆ ಹೆಂಗಸರು ಒಂದು ಅಣಕು ಶಾಸನಸಭೆ ನಡೆಸಿದರು. ಅಲ್ಲಿ ಸದಸ್ಯರೆಲ್ಲ ಹೆಂಗಸರು, ಮತದ ಹಕ್ಕು ಬೇಡಲು ಬಂದವರು ಗಂಡಸರು. ಪ್ರೀಮಿಯರ್ ಪಾತ್ರ ಮೆಕ್ಲಂಗ್ ಅವರದೇ. ಮುಂಚೆ ತಾವು ಕೇಳಿಸಿಕೊಂಡ ಧಾಟಿಯಲ್ಲೇ, ಕೈಸನ್ನೆಯನ್ನೂ ಬಿಡದೆ ಉತ್ತರ ಕೊಟ್ಟಾಗ ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಆದರೂ ಕಾನೂನು ಬದಲಾಗಲಿಲ್ಲ. ರಾಬ್ಲಿನ್ ಕುರ್ಚಿಯಲ್ಲೇ ಇದ್ದರು. ಅವರನ್ನು ಇಳಿಸಿದ್ದು ಮಣ್ಣಿನಡಿಯ ಕಾಂಕ್ರೀಟಿನ ಲೆಕ್ಕ. ಲಿಬರಲ್ ಪಕ್ಷದ ಟಿ. ಸಿ. ನಾರಿಸ್ ಅಧಿಕಾರಕ್ಕೆ ಬಂದು, 1916ರ ಜನವರಿ 28ರಂದು ಮ್ಯಾನಿಟೋಬಾ ಹೆಂಗಸರಿಗೆ ಮತದ ಹಕ್ಕು ಕೊಟ್ಟ ಕೆನಡಾದ ಮೊದಲ ಪ್ರಾಂತವಾಯಿತು. ಸದನ ಅದಕ್ಕೆ ಮತ ಹಾಕಿದ್ದು ಹಳೆಯ ಭವನದಲ್ಲಿ, ನಿಜ. ಆದರೆ ಆ ಹಕ್ಕಿಗೆ ದಾರಿ ತೆರೆದದ್ದು ಇನ್ನೂ ಅರ್ಧ ಎದ್ದಿದ್ದ ಈ ಹೊಸ ಭವನದ ಪಾಯ. ಮೆಕ್ಲಂಗ್ ಮತ್ತು ಮುಂದೆ ಇನ್ನೊಂದು ಹೋರಾಟದಲ್ಲಿ ಅವರ ಜೊತೆಗಿದ್ದ ನಾಲ್ವರು ಹೆಂಗಸರ ಪ್ರತಿಮೆಗಳು 2010ರಲ್ಲಿ ಆವರಣಕ್ಕೆ ಬಂದಿವೆ. ಅವರ ಮುಂದೆ ಸ್ವಲ್ಪ ನಿಲ್ಲದೆ ಹೋಗಬಾರದು.

ಆ ಹಕ್ಕಿಗೂ ಒಂದು ಗೆರೆ ಇತ್ತು. 1871ರದಂಥ ಒಪ್ಪಂದಗಳಡಿ ಬದುಕುತ್ತಿದ್ದ ಮೂಲನಿವಾಸಿಗಳಿಗೆ, ಅವರು ಗಂಡಸಾಗಲಿ ಹೆಂಗಸಾಗಲಿ, ಪ್ರಾಂತದ ಚುನಾವಣೆಯಲ್ಲಿ ಮತ ಸಿಕ್ಕಿದ್ದು 1952ರಲ್ಲಿ.

ಕಟ್ಟಡ ಏಳುತ್ತಿದ್ದ ವರ್ಷಗಳಲ್ಲಿ ಹೆಚ್ಚಿನವು ಮೊದಲ ಮಹಾಯುದ್ಧದ ವರ್ಷಗಳು. ಚಿನ್ನದ ಹುಡುಗನನ್ನು ರೂಪಿಸಿದವರು ಫ್ರಾನ್ಸಿನ ಶಿಲ್ಪಿ ಜಾರ್ಜ್ ಗಾರ್ದೆ. ಎರಕ ಹೊಯ್ದ ಕಾರ್ಖಾನೆಯ ಮೇಲೆ ಬಾಂಬು ಬಿದ್ದರೂ ಮೂರ್ತಿ ಉಳಿಯಿತು. ಹಡಗಿಗೆ ಏರಿಸಿದ ಮೇಲೆ ಆ ಹಡಗನ್ನೇ ಸೈನಿಕರ ಸಾಗಣೆಗೆ ವಶಪಡಿಸಿಕೊಂಡರು. 1,650 ಕಿಲೋ ತೂಕದ ಕಂಚಿನ ಹುಡುಗ ಹಡಗಿನ ತಳದಲ್ಲಿ ಮಲಗಿ, ಯುದ್ಧ ಮುಗಿಯುವ ತನಕ ಅಟ್ಲಾಂಟಿಕ್ ಸಾಗರವನ್ನು ಅತ್ತಿಂದಿತ್ತ ದಾಟುತ್ತಲೇ ಇದ್ದ. 1919ರಲ್ಲಿ ಗುಮ್ಮಟ ಏರಿದ. ಆಗ ಅವನ ಮೈಮೇಲೆ ಚಿನ್ನವಿರಲಿಲ್ಲ. ಅಪ್ಪಟ ಚಿನ್ನದ ತಗಡು ಹೊದಿಸಿದ್ದು 1950ರ ದಶಕದ ಆರಂಭದಲ್ಲಿ. ಒಳಗಿನ ಉಕ್ಕಿನ ಸರಳು ತುಕ್ಕು ಹಿಡಿದದ್ದು ಗೊತ್ತಾಗಿ 2002ರಲ್ಲಿ ಕೆಳಗಿಳಿಸಿ ಸರಿಪಡಿಸಿದರು. ಊರಿನವರಿಗೆ ಅವನ ಮುಖವನ್ನು ಎದುರಿನಿಂದ ನೋಡುವ ಭಾಗ್ಯ ಸಿಕ್ಕಿದ್ದು ಆ ಕೆಲವೇ ತಿಂಗಳು. ಅವನ ಮುಖ ಉತ್ತರಕ್ಕೇ ಏಕೆ ಎಂಬುದಕ್ಕೆ 1912ರಲ್ಲಿ ಬೆಳೆದ ಗಡಿಯೇ ಉತ್ತರ: ಪ್ರಾಂತದ ನಾಳೆ ಅತ್ತ ಇದೆ ಎಂಬ ನಂಬಿಕೆ.

ಪ್ರಾಂತಕ್ಕೆ ಐವತ್ತು ತುಂಬಿದ ದಿನ, 1920ರ ಜುಲೈ 15ರಂದು, ಭವನದ ಅಧಿಕೃತ ಉದ್ಘಾಟನೆಯಾಯಿತು.

ಒಳಗೆ ಕಾಲಿಟ್ಟ ಕೂಡಲೇ ಎಡಬಲಕ್ಕೆ ಎರಡು ಕಂಚಿನ ಕಾಡೆಮ್ಮೆಗಳು. ಇವೂ ಗಾರ್ದೆಯವರ ಕೈಕೆಲಸ. ಒಂದೊಂದೂ ಎರಡು ಟನ್ನಿಗೂ ಹೆಚ್ಚು ಭಾರ. ಅಮೃತಶಿಲೆಯ ನೆಲ ಒಡೆಯದಂತೆ ಇವುಗಳನ್ನು ಒಳಗೆ ತರಲು, ಚಳಿಗಾಲದಲ್ಲಿ ನೆಲಕ್ಕೆ ನೀರು ಹರಿಸಿ, ಅದು ಹೆಪ್ಪುಗಟ್ಟಿದ ಮೇಲೆ ಜಾರಿಸಿಕೊಂಡು ಬಂದರು ಎಂದು ಭವನ ತೋರಿಸುವವರು ಹೇಳುತ್ತಾರೆ. ಮೈನಸ್ ಮೂವತ್ತರ ಚಳಿ ಕಂಡ ಊರಿಗೆ ಒಪ್ಪುವ ಕಥೆ. ಗ್ರೀಸ್, ರೋಮ್, ಈಜಿಪ್ಟ್‌ಗಳಿಂದ ತಂದ ಅಲಂಕಾರದ ನಡುವೆ ಈ ನೆಲದ್ದೇ ಆದ ಪ್ರಾಣಿಗಳು ತಲೆ ತಗ್ಗಿಸದೆ ನಿಂತಿರುವುದು ನೋಡಲು ಹಿತ.

ಅವುಗಳ ನಡುವಿನಿಂದ ಇಟಲಿಯ ಕರಾರ ಅಮೃತಶಿಲೆಯ ಮೆಟ್ಟಿಲುಗಳು ಏಳುತ್ತವೆ: ಮೂರು ಹಂತ, ಹಂತಕ್ಕೆ ಹದಿಮೂರರಂತೆ ಒಟ್ಟು 39. ಸೈಮನ್ ಅವರ ಪ್ರತಿಭೆ ಪೂರ್ತಿಯಾಗಿ ಕಾಣುವುದು ಈ ಏರಿನಲ್ಲಿ. ಹೊರಗಿನ ಗಾಂಭೀರ್ಯ ಯಾರಿಗಾದರೂ ಕಲಿತು ಮಾಡಲು ಬಂದೀತು; ಮನುಷ್ಯನ ನಡಿಗೆಯನ್ನು ನಿಧಾನ ಮಾಡಿಸುವ, ಬೆಳಕಿನ ಕಡೆ ತಾನಾಗಿ ಮುಖ ಎತ್ತಿಸುವ ಈ ಅಳತೆ ಎಲ್ಲರಿಗೂ ಸಿಗುವಂಥದ್ದಲ್ಲ. ಮೇಲೆ ಗುಮ್ಮಟದಡಿಯ ವರ್ತುಲ. ನಡುವೆ ಕಟಕಟೆ ಕಟ್ಟಿದ ದೊಡ್ಡ ಸುತ್ತುಬಾಯಿ. ಬಗ್ಗಿ ನೋಡಿದರೆ ಕೆಳ ಅಂತಸ್ತಿನ ನೆಲದಲ್ಲಿ ಎಂಟು ಮೂಲೆಯ ಕಪ್ಪು ನಕ್ಷತ್ರ. ಆ ನಕ್ಷತ್ರದ ಮೇಲೆ ನಿಂತು ಮಾತಾಡಿದವರಿಗೆ ತಮ್ಮದೇ ದನಿ ಸುತ್ತಲಿಂದ ಮರಳಿ ಬಂದು ಆವರಿಸುತ್ತದೆ. ಸಂಶೋಧಕ ಫ್ರಾಂಕ್ ಆಲ್ಬೊ ಈ ನಕ್ಷತ್ರ, ಹದಿಮೂರರ ಲೆಕ್ಕ, ಸ್ಫಿಂಕ್ಸ್, ಬಾಗಿಲ ಮೇಲಿನ ಗೂಳಿ ತಲೆಬುರುಡೆಗಳನ್ನೆಲ್ಲ ಜೋಡಿಸಿ, ಇದು ಸೊಲೊಮನ್ ದೇಗುಲದ ಮಾದರಿಯಲ್ಲಿ ಗುಟ್ಟಾಗಿ ಕಟ್ಟಿದ ಮಂದಿರ ಎಂದು ವಾದಿಸಿದ್ದಾರೆ. ಅದನ್ನು ಕೇಳಲೆಂದೇ ಬರುವ ಪ್ರವಾಸಿಗರಿದ್ದಾರೆ. ಬೋಜಾರ್ ಶಾಲೆಯಲ್ಲಿ ಕಲಿತವನು ಪುರಾತನ ದೇಗುಲಗಳ ಅಲಂಕಾರ ಬಳಸುವುದು ಅಂದಿನ ರೂಢಿಯಾಗಿತ್ತು. ಗುಟ್ಟಿಲ್ಲದೆಯೂ ಇವಕ್ಕೆ ಅರ್ಥವಿದೆ.

ಶಾಸನಸಭೆಯ ಅಂಗಳದ ಬಾಗಿಲ ಮೇಲೆ ಫ್ರಾಂಕ್ ಬ್ರ್ಯಾಂಗ್ವಿನ್ ಬರೆದ ಮಹಾಯುದ್ಧದ ಚಿತ್ರ. ಒಳಗೆ ಕುದುರೆಲಾಳದ ಆಕಾರದಲ್ಲಿ ಆಸನಗಳು. 57 ಸದಸ್ಯರು. ಗೋಡೆಯ ಎರಡು ಗೂಡುಗಳಲ್ಲಿ ಕಂಚಿನ ಮೋಸೆಸ್ ಮತ್ತು ಅಥೆನ್ಸಿನ ಸೋಲೋನ್. ಒಬ್ಬ ದೇವರ ಕಟ್ಟಳೆ ತಂದವನು, ಇನ್ನೊಬ್ಬ ಮನುಷ್ಯರ ಕಟ್ಟಳೆ ಬರೆದವನು.

1990ರ ಜೂನ್‌ನಲ್ಲಿ ಇಡೀ ಕೆನಡಾ ಈ ಕೋಣೆಯ ಕಡೆ ತಿರುಗಿತು. ಕೆನಡಾದ ಸಂವಿಧಾನಕ್ಕೆ ಕ್ವಿಬೆಕ್ ಪ್ರಾಂತದ ಒಪ್ಪಿಗೆ ಪಡೆಯಲು ಮೀಚ್ ಲೇಕ್ ಒಪ್ಪಂದ ಎಂಬ ತಿದ್ದುಪಡಿ ಸಿದ್ಧವಾಗಿತ್ತು. ಕ್ವಿಬೆಕ್‌ಗೆ ವಿಶಿಷ್ಟ ಸಮಾಜವೆಂಬ ಮನ್ನಣೆ ಕೊಡುವ ಆ ಕರಡಿನಲ್ಲಿ ಮೂಲನಿವಾಸಿಗಳಿಗೆ ಜಾಗವೇ ಇರಲಿಲ್ಲ. ಹತ್ತೂ ಪ್ರಾಂತಗಳು ಜೂನ್ 23ರೊಳಗೆ ಅನುಮೋದಿಸಬೇಕು. ಮ್ಯಾನಿಟೋಬಾದಲ್ಲಿ ಮೂರೂ ಪಕ್ಷಗಳ ನಾಯಕರು ಒಪ್ಪಿಬಿಟ್ಟಿದ್ದರು. ಆದರೆ ವೇಳೆ ಕಡಿಮೆ. ಮುನ್ಸೂಚನೆಯ ನಿಯಮ ಸಡಿಲಿಸಿ ನಿರ್ಣಯವನ್ನು ಕೂಡಲೇ ಕೈಗೆತ್ತಿಕೊಳ್ಳಲು ಸದನದ ಪ್ರತಿಯೊಬ್ಬರ ಸಮ್ಮತಿ ಬೇಕು. ಸಭಾಧ್ಯಕ್ಷರು ಸಮ್ಮತಿ ಕೇಳಿದಾಗ ಒಬ್ಬ ಸದಸ್ಯ ಹದ್ದಿನ ಗರಿ ಕೈಯಲ್ಲಿ ಹಿಡಿದು ಇಲ್ಲ ಎಂದರು. ಅವರು ಎಲೈಜಾ ಹಾರ್ಪರ್. ಉತ್ತರದ ರೆಡ್ ಸಕ್ಕರ್ ಲೇಕ್ ಹಳ್ಳಿಯ ಓಜಿ-ಕ್ರೀ ಮನುಷ್ಯ. ಹುಡುಗನಾಗಿದ್ದಾಗ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ದೂರ ಇಡುತ್ತಿದ್ದ ವಸತಿ ಶಾಲೆಗಳಲ್ಲಿ ಇದ್ದವರು. 1981ರಲ್ಲಿ ಗೆದ್ದ ಅವರು, ಹಳೆಯ ಒಪ್ಪಂದಗಳಡಿ ಬದುಕಿದ ಮೂಲನಿವಾಸಿಗಳಿಂದ ಈ ಸದನಕ್ಕೆ ಬಂದ ಮೊದಲ ಸದಸ್ಯ. ಅವರು ಹುಟ್ಟಿದಾಗ ಅವರ ತಂದೆತಾಯಿಗೆ ಈ ಸದನಕ್ಕೆ ಮತ ಹಾಕುವ ಹಕ್ಕೂ ಇರಲಿಲ್ಲ.

ದಿನದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹೊರಗೆ ಮೆಟ್ಟಿಲ ಮೇಲೆ ಡೋಲು ಬಾರಿಸುತ್ತ ಜನ ನೆರೆದರು. ಹಾರ್ಪರ್ ದನಿ ಏರಿಸಲಿಲ್ಲ. ಸದನದ ನಿಯಮ ಪುಸ್ತಕ ಅವರಿಗೆ ಕೊಟ್ಟಿದ್ದ ಒಂದೇ ಒಂದು ಪದವನ್ನು ಬಿಡದೆ ಹೇಳಿದರು, ಅಷ್ಟೆ. ಗಡುವು ಮುಗಿಯಿತು, ಒಪ್ಪಂದ ಬಿದ್ದುಹೋಯಿತು. ಸೋಲೋನನ ಪ್ರತಿಮೆ ನಿಲ್ಲಿಸಿ ಕಾನೂನಿಗೆ ಮನೆ ಕಟ್ಟಿದ ಸೈಮನ್ ಅವರ ಕನಸು ಒಂದು ದಿನವಾದರೂ ಪೂರ್ತಿ ನಿಜವಾಗಿದ್ದರೆ ಅದು ಆ ಜೂನ್‌ನಲ್ಲಿ. ಹಾರ್ಪರ್ 2013ರಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಇದೇ ಭವನದಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಿದರು.

ಇಷ್ಟನ್ನು ತಿಳಿದು ಹೊರಬಂದವರಿಗೆ ಆವರಣದ ಪ್ರತಿಮೆಗಳು ಬೇರೆಯಾಗಿ ಕಾಣುತ್ತವೆ. ವಲಸೆ ಬಂದವರು ತಮ್ಮ ತಮ್ಮ ಹಿರಿಯರನ್ನು ಇಲ್ಲಿ ನಿಲ್ಲಿಸಿಕೊಂಡಿದ್ದಾರೆ: ಉಕ್ರೇನಿನ ಕವಿ ತರಾಸ್ ಶೆವ್ಚೆಂಕೊ, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್, ಐಸ್‌ಲ್ಯಾಂಡಿನ ಸ್ವಾತಂತ್ರ್ಯ ನಾಯಕ ಯೋನ್ ಸಿಗುರ್ದ್‌ಸನ್. ದಕ್ಷಿಣಕ್ಕೆ, ನದಿಯ ಕಡೆ, ರಿಯೆಲ್. ಅವನಿಗೆ ಇಲ್ಲಿ ಜಾಗ ಸಿಗಲು ನೂರು ವರ್ಷ ಬೇಕಾಯಿತು. 1970ರ ದಶಕದಲ್ಲಿ ಮಾರ್ಸಿಯೆನ್ ಲೆಮೆ ಮತ್ತು ವಾಸ್ತುಶಿಲ್ಪಿ ಎಟಿಯೆನ್ ಗಾಬೂರಿ ರೂಪಿಸಿದ ಮೊದಲ ಪ್ರತಿಮೆಯಲ್ಲಿ ಅವನು ಬೆತ್ತಲೆ; ಮೈ ತಿರುಚಿದ, ನೋವು ತಿನ್ನುತ್ತಿರುವ ಹುತಾತ್ಮ. ನಮ್ಮ ನಾಯಕನನ್ನು ಹೀಗೆ ನಿಲ್ಲಿಸುವುದೇ ಎಂದು ಅನೇಕ ಮೆಟಿ ಜನರಿಗೆ ಸಿಟ್ಟು ಬಂತು. ಇಪ್ಪತ್ತು ವರ್ಷಗಳ ಜಗಳದ ನಂತರ ಅದನ್ನು ಸೇಂಟ್ ಬಾನಿಫೇಸ್‌ನ ಫ್ರೆಂಚ್ ಕಾಲೇಜಿನ ಆವರಣಕ್ಕೆ ಸಾಗಿಸಿ, 1996ರಲ್ಲಿ ಮಿಗೆಲ್ ಜೊಯಾಲ್ ಅವರ ಹೊಸ ಪ್ರತಿಮೆ ಇಟ್ಟರು. ಇಲ್ಲಿ ರಿಯೆಲ್ ಕೋಟು ತೊಟ್ಟು ನೆಟ್ಟಗೆ ನಿಂತ ರಾಜಕಾರಣಿ. ಎರಡನ್ನೂ ಒಂದೇ ದಿನ ನೋಡಬೇಕು. ಕಲೆಯಾಗಿ ಹಳೆಯದೇ ಹೆಚ್ಚು ಕಾಡುತ್ತದೆ. ಆದರೆ ನೇಣಿಗೇರಿದವನ ಜನ ಅವನಿಗೆ ಮರ್ಯಾದೆಯ ಬಟ್ಟೆ ತೊಡಿಸಬೇಕೆಂದು ಕೇಳಿದರೆ ಅದನ್ನು ಇಲ್ಲವೆನ್ನುವ ಹಕ್ಕು ಕಲೆಗಿಲ್ಲ.

ಉತ್ತರದ ಮುಂಬಾಗಿಲ ಎದುರು 1904ರಿಂದ ಕೂತಿದ್ದವಳು ರಾಣಿ ವಿಕ್ಟೋರಿಯಾ, ಭವನಕ್ಕಿಂತ ಹಿರಿಯಳು. 2021ರ ಮೇ ತಿಂಗಳಲ್ಲಿ ಕ್ಯಾಮ್‌ಲೂಪ್ಸ್‌ನ ಹಳೆಯ ವಸತಿ ಶಾಲೆಯ ನೆಲದಡಿ ಮಕ್ಕಳ ಗುರುತಿಲ್ಲದ ಸಮಾಧಿಗಳಿರುವ ಸುಳಿವು ಸಿಕ್ಕ ಸುದ್ದಿ ದೇಶವನ್ನು ಅಲುಗಾಡಿಸಿತು. ಜುಲೈ 1ರ ಕೆನಡಾ ದಿನದಂದು ಆ ಮಕ್ಕಳ ನೆನಪಿಗೆ ಕಿತ್ತಳೆ ಅಂಗಿ ತೊಟ್ಟ ಜನ ಇಲ್ಲಿ ಸೇರಿದರು. ಹಗ್ಗ ಬಿಗಿದು ವಿಕ್ಟೋರಿಯಾಳನ್ನು ಉರುಳಿಸಿದರು. ಪೀಠದ ತುಂಬ ಕೆಂಪು ಅಂಗೈ ಗುರುತುಗಳು. ಮೂರ್ತಿಯ ತಲೆ ಮರುದಿನ ಅಸಿನಿಬೊಯಿನ್ ನದಿಯಲ್ಲಿ ಸಿಕ್ಕಿತು. ಪೂರ್ವದ ಬದಿಯಲ್ಲಿದ್ದ ಎರಡನೆಯ ಎಲಿಜಬೆತ್ ಪ್ರತಿಮೆಯೂ ಅಂದೇ ಬಿತ್ತು. ಅದನ್ನು ದುರಸ್ತಿ ಮಾಡಿ 2023ರಲ್ಲಿ ಮರಳಿ ನಿಲ್ಲಿಸಿದರು. ವಿಕ್ಟೋರಿಯಾ ದುರಸ್ತಿಗೆ ಸಿಗದಷ್ಟು ಒಡೆದಿದ್ದಾಳೆ ಎಂದು ಸರ್ಕಾರ ಹೇಳಿತು. ಪ್ರತಿಮೆ ಒಡೆಯುವುದನ್ನು ಎಲ್ಲರೂ ಮೆಚ್ಚಲಿಲ್ಲ, ಮೆಚ್ಚಬೇಕಾಗಿಯೂ ಇಲ್ಲ. ಆ ಶಾಲೆಗಳಿಂದ ಮಕ್ಕಳು ಮನೆಗೆ ಬಾರದೆ ಹೋದ ತಾಯಂದಿರ ನೋವು ನೂರು ವರ್ಷ ಈ ಮೆಟ್ಟಿಲು ಹತ್ತಲಾಗದೆ ಹೊರಗೇ ಉಳಿದಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು.

2023ರ ಅಕ್ಟೋಬರ್ ಚುನಾವಣೆಯಲ್ಲಿ ಅನಿಶಿನಾಬೆ ಜನಾಂಗದ ವಾಬ್ ಕಿನ್ಯೂ ಗೆದ್ದರು. ಕೆನಡಾದ ಪ್ರಾಂತವೊಂದಕ್ಕೆ ಪ್ರೀಮಿಯರ್ ಆದ, ಮೂಲ ಬುಡಕಟ್ಟುಗಳ ಮೊದಲ ವ್ಯಕ್ತಿ ಅವರು. ವಸತಿ ಶಾಲೆ ಕಂಡು ಬಂದ ತಂದೆಯ ಮಗ. ಆ ವರ್ಷದ ಕೊನೆಯಲ್ಲಿ ಅವರ ಸರ್ಕಾರ ಲೂಯಿ ರಿಯೆಲ್ ಕಾಯ್ದೆಯನ್ನು ತಂದು ಸದನದ ಮುಂದಿಟ್ಟಿತು. ರಿಯೆಲ್‌ಗೆ ಮ್ಯಾನಿಟೋಬಾದ ಮೊದಲ ಪ್ರೀಮಿಯರ್ ಎಂಬ ಗೌರವ ಪದವಿ ಕೊಟ್ಟು, ಅವನ ಕೆಲಸವನ್ನು ಶಾಲೆಯ ಮಕ್ಕಳಿಗೆ ಕಲಿಸಬೇಕೆಂದು ಹೇಳುವ ಆ ಕಾಯ್ದೆ ಅಂಗೀಕಾರವಾದದ್ದು ಸೋಲೋನ್ ಮತ್ತು ಮೋಸೆಸ್ ನಿಂತಿರುವ ಆ ಕುದುರೆಲಾಳದ ಕೋಣೆಯಲ್ಲಿ, ರೆಜೈನಾದಲ್ಲಿ ಅವನನ್ನು ನೇಣಿಗೇರಿಸಿದ 138 ವರ್ಷಗಳ ನಂತರ.